ಮಾಲೆ ತೆಗೆದ ಮೇಲಿನ ಸಿಗರೇಟು

ಅಳಿಯ ಸಿಗರೇಟು ಸೇದುತ್ತಾನೆ ಅಂತ ನನಗೆ ಗೊತ್ತಾಗಿದ್ದು ಅವನ ಹೆಲ್ಮೆಟ್ಟಿನಿಂದ.

2025ರ ಜುಲೈ ಮೊದಲ ವಾರ. ಮೈಸೂರಲ್ಲಿ ಜಿಟಿಜಿಟಿ ಮಳೆ. ಕಾಲೇಜಿಂದ ನೆಂದುಕೊಂಡು ಬಂದವನು ಹೆಲ್ಮೆಟ್ಟನ್ನು ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಮಗುಚಿ ಹಾಕಿ ಮಲಗಿಬಿಟ್ಟಿದ್ದ. ಯಾರಾದರೂ ಎಡವಿಯಾರು ಅಂತ ಎತ್ತಿಡೋಕೆ ಹೋದೆ, ಒಳಗಿನ ಸ್ಪಂಜಿನಿಂದ ಗಪ್ಪಂತ ವಾಸನೆ ಹೊಡೀತು. ಸೇದುವವರು ಬಟ್ಟೆ ಒಗೆಯಕ್ಕೆ ಹಾಕ್ತಾರೆ, ಕೈಗೆ ಸೋಪು ಹಚ್ಚುತ್ತಾರೆ, ಬಾಯಿಗೆ ಏಲಕ್ಕಿ ಹಾಕ್ಕೋತಾರೆ. ಹೆಲ್ಮೆಟ್ಟಿನ ಸ್ಪಂಜನ್ನು ಮಾತ್ರ ಯಾರೂ ತೊಳೆಯಲ್ಲ. ನಾನೂ ತೊಳೆದಿರಲಿಲ್ಲ. 22 ವರ್ಷ ಸೇದಿ, 2020ರಲ್ಲಿ ಬಿಟ್ಟವನು ನಾನು. ಆ ವಾಸನೆ ಯಾವುದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಳಿಯ ಅಂದ್ರೆ ಅಕ್ಕನ ಮಗ. ಊರು ಪಿರಿಯಾಪಟ್ಟಣ ತಾಲ್ಲೂಕು. ವಯಸ್ಸು 19, ಇಂಜಿನಿಯರಿಂಗ್ ಎರಡನೇ ವರ್ಷ, ನಮ್ಮ ಮನೆಯಲ್ಲೇ ಇದ್ದು ಓದುತ್ತಾನೆ. ಭಾವನದ್ದು ಹೊಗೆಸೊಪ್ಪಿನ ಬೇಸಾಯ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿಗೆ ಸಸಿ ನೆಡೋದು, ಸೊಪ್ಪು ಮುರಿಯೋದು, ಕಡ್ಡಿಗೆ ಕಟ್ಟಿ ಬ್ಯಾರನ್ನಿನಲ್ಲಿ, ಅಂದ್ರೆ ಬೆಂಕಿಯ ಶಾಖದಲ್ಲಿ ಸೊಪ್ಪು ಹದ ಮಾಡುವ ಮನೆಯಲ್ಲಿ, ಬೇಯಿಸೋದು, ಆಮೇಲೆ ತಂಬಾಕು ಮಂಡಳಿಯ ಹರಾಜಿಗೆ ಬೇಲು ಹಾಕಿಕೊಂಡು ಹೋಗಿ ರೇಟು ಎಷ್ಟು ಬೀಳುತ್ತೋ ಅಂತ ಬಾಯಿ ಒಣಗಿಸಿಕೊಂಡು ನಿಂತುಕೊಳ್ಳೋದು. ಆದರೆ ಭಾವ ಒಂದು ದಿನವೂ ಸೇದಿದವರಲ್ಲ. ಸೊಪ್ಪು ಮುರಿದ ಕೈ ಅಂಟಂಟಾಗಿ ಕಪ್ಪಗಾಗುತ್ತಲ್ಲ, ಆ ಕೈ ತೊಳೆದು ತೊಳೆದು ಅವರಿಗೆ ಅದರ ಮೇಲೇ ಹೇಸಿಗೆ.

ಬೆಳಿಗ್ಗೆ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಕೂರಿಸಿಕೊಂಡು ಪಾಠ ಶುರು ಮಾಡಿದೆ. ಶ್ವಾಸಕೋಶ, ಕ್ಯಾನ್ಸರ್, ಅಪ್ಪ ಅಮ್ಮ ಪಡುವ ಕಷ್ಟ. 2019ರ ಸಮೀಕ್ಷೆಯಲ್ಲಿ ದೇಶದ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ಶೇ. 8.5ರಷ್ಟು ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಾರೆ ಅಂತ ಬಂದಿತ್ತು, ಅದನ್ನೂ ಹೇಳಿದೆ. ಅವನು ತಲೆ ಬಗ್ಗಿಸಿಕೊಂಡು ಎಲ್ಲ ಕೇಳಿದ. ಕೊನೆಗೆ ಎರಡೇ ಮಾತು ಆಡಿದ.

"ಮಾವ, ನೀವು ಎಷ್ಟು ವರ್ಷ ಸೇದಿದ್ರಿ?"

ಇನ್ನೊಂದು, "ನನ್ನ ಕಾಲೇಜ್ ಫೀಸು ಕಟ್ಟೋದೇ ಹೊಗೆಸೊಪ್ಪು, ಅಲ್ವಾ?"

ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ತಿಂಡಿ ತಿಂದು ಆಫೀಸಿಗೆ ಹೋದೆ.

ಆಫೀಸಿನಲ್ಲಿ ಕೂತು ಯೋಚನೆ ಮಾಡಿದ್ದು ನನ್ನದೇ ಕಥೆ. ನಾನು ಮೂರು ವರ್ಷ ಅಯ್ಯಪ್ಪನ ಮಾಲೆ ಹಾಕಿದ್ದೆ. ನಮ್ಮ ಗುರುಸ್ವಾಮಿ 48 ದಿನ ಅಂದ್ರೆ 48 ದಿನ, ಒಂದು ದಿನ ಕಮ್ಮಿ ಇಲ್ಲ. ಆ 48 ದಿನ ಒಂದೇ ಒಂದು ಸಿಗರೇಟು ಸೇದುತ್ತಿರಲಿಲ್ಲ. ದಿನಕ್ಕೆ ಹದಿನೈದು ಸೇದುವವನು! ಕಷ್ಟವೂ ಅಷ್ಟಾಗಿ ಆಗುತ್ತಿರಲಿಲ್ಲ. ಮೊದಲ ಮೂರ್ನಾಲ್ಕು ದಿನ ತಲೆನೋವು, ಸಿಡುಕು, ಆಮೇಲೆ ಆರಾಮ. ಶಬರಿಮಲೆಯಿಂದ ವಾಪಸ್ ಬಂದು, ದೇವಸ್ಥಾನದಲ್ಲಿ ಮಾಲೆ ಬಿಚ್ಚಿ, ಮನೆಗೆ ಹೋಗುವ ದಾರಿಯಲ್ಲೇ ಅಂಗಡಿ. ಮೂರು ವರ್ಷವೂ ಅಷ್ಟೇ. 49ನೇ ದಿನ ಕೈಯಲ್ಲಿ ಸಿಗರೇಟು.

ಇದು ಯಾಕೆ ಹೀಗೆ? ನಿಕೋಟಿನ್ ಬಿಟ್ಟಾಗ ಮೈಯಲ್ಲಿ ಆಗುವ ಕಿರಿಕಿರಿ ಎರಡನೇ ಮೂರನೇ ದಿನ ತಾರಕಕ್ಕೆ ಹೋಗಿ ಮೂರ್ನಾಲ್ಕು ವಾರದಲ್ಲಿ ಇಳಿದುಹೋಗುತ್ತದೆ. 48 ದಿನ ಆದವನಿಗೆ ಮೈ ಕೇಳುವುದು ಅಷ್ಟೇನೂ ಇರಲ್ಲ. ಮತ್ತೆ ಯಾಕೆ ಸೇದಿದೆ? ನಿಧಾನಕ್ಕೆ ನೆನಪಾಯಿತು. ಮಾಲೆ ಇದ್ದಾಗ ನನಗೆ ಯಾರೂ ಸಿಗರೇಟು ಕೊಡುತ್ತಲೇ ಇರಲಿಲ್ಲ. ಕಪ್ಪು ಪಂಚೆ ನೋಡಿದ ಕೂಡಲೇ "ಸ್ವಾಮಿ ಶರಣಂ" ಅಂತ ಕೈ ಮುಗಿದು, ಸೇದುತ್ತಿದ್ದವರೇ ಆಚೆ ಹೋಗಿ ನಿಲ್ಲುತ್ತಿದ್ದರು. ಬೇಡ ಅನ್ನುವ ಕಷ್ಟವೇ ನನಗೆ ಇರಲಿಲ್ಲ. ಮಾಲೆ ತೆಗೆದ ದಿನ ಅಂಗಡಿಯವನು ನನ್ನ ಮುಖ ನೋಡಿದ, ಕತ್ತು ನೋಡಿದ, ನಾನು ಬಾಯಿ ಬಿಡುವ ಮೊದಲೇ ನನ್ನ ಮಾಮೂಲಿ ಸಿಗರೇಟು ಎತ್ತಿ ಗಾಜಿನ ಮೇಲಿಟ್ಟ. ನಾನು ತಗೊಂಡೆ, ಅಷ್ಟೇ.

ಕೊನೆಗೂ ಬಿಟ್ಟಿದ್ದು 2020ರ ಲಾಕ್‌ಡೌನಿನಲ್ಲಿ. ನನ್ನ ಮನೋಬಲ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೇನೆ. ನಿಜ ಹೇಳಬೇಕೆಂದರೆ ಟೀ ಅಂಗಡಿ ಮುಚ್ಚಿತ್ತು, ಆಫೀಸಿನ ಗ್ಯಾಂಗು ಮನೆ ಸೇರಿತ್ತು, ಸಿಗರೇಟು ಬ್ಲ್ಯಾಕಿನಲ್ಲಿ ದುಪ್ಪಟ್ಟು ರೇಟು. ಮತ್ತೆ ಆಫೀಸು ತೆಗೆಯುವಷ್ಟರಲ್ಲಿ ನಾನು ಸೇದದವನು ಅಂತ ಎಲ್ಲರಿಗೂ ಅಭ್ಯಾಸ ಆಗಿಹೋಗಿತ್ತು.

ಅಂದ್ರೆ ಈ ಹುಡುಗನಿಗೂ ಒಂದು ಮಾಲೆ ಬೇಕು. ಅದನ್ನು ತೆಗೆಯುವ ದಿನಕ್ಕೆ ಏನು ಮಾಡೋದು ಅಂತ ಮೊದಲೇ ಗೊತ್ತಿರಬೇಕು.

ಸಂಜೆ ಟೆರೇಸಿಗೆ ಕರೆದುಕೊಂಡು ಹೋಗಿ ಕ್ಷಮೆ ಕೇಳಿದೆ. ಅಪ್ಪ ಅಮ್ಮನಿಗೆ ಹೇಳಲ್ಲ ಅಂತ ಮಾತು ಕೊಟ್ಟೆ. ಅಕ್ಕನಿಗೆ ಮುಚ್ಚಿಟ್ಟಿದ್ದು ಸರಿಯಾ ಅನ್ನೋದು ಬೇರೆ ಮಾತು, ನನ್ನ ಹೆಂಡತಿ ಇವತ್ತಿಗೂ ಬೈತಾಳೆ. ಆಮೇಲೆ ಒಂದೇ ಪ್ರಶ್ನೆ ಕೇಳಿದೆ: "ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು?" ಡಾಕ್ಟರುಗಳೂ ಇದನ್ನೇ ಮೊದಲು ಕೇಳುತ್ತಾರೆ. ಎದ್ದ ಅರ್ಧ ಗಂಟೆಯೊಳಗೆ ಬೇಕು ಅಂದ್ರೆ ಚಟ ಆಳಕ್ಕೆ ಇಳಿದಿದೆ ಅಂತ. ಇವನು ಕಾಲೇಜಿನ ಹತ್ತಿರ, ಒಂಬತ್ತು ಗಂಟೆಗೆ ಅಂದ. ಸದ್ಯ ಅಂದುಕೊಂಡೆ.

"ದಿನಕ್ಕೆಷ್ಟು?"

"ಎರಡು ಮೂರು."

ಎಲ್ಲರೂ ಹೇಳುವ ಲೆಕ್ಕ ಇದು. ನಾನೂ ಹತ್ತು ವರ್ಷ ಎರಡು ಮೂರೇ ಹೇಳಿದ್ದೆ. ಅವನ ಫೋನ್ ತೆಗೆಸಿ ಫೋನ್‌ಪೇ ಹಿಸ್ಟರಿ ನೋಡೋಣ ಅಂದೆ. ಒಂದೇ ಅಂಗಡಿಗೆ 30, 30, 30, 18, 30, 36. ಹುಡುಗನೇ ಬಿಡಿಸಿ ಹೇಳಿದ, ಸಿಗರೇಟು 18, ಟೀ 12. ಲೆಕ್ಕ ಹಾಕಿದರೆ ದಿನಕ್ಕೆ ಏಳು. ತಿಂಗಳಿಗೆ 3,780 ರೂಪಾಯಿ, ಟೀ ಬಿಟ್ಟು. ಅವನಿಗೇ ಗಾಬರಿಯಾಯಿತು. ಬೆಳಿಗ್ಗೆ ಕ್ಯಾನ್ಸರ್ ಅಂದಾಗ ಆಗದ ಗಾಬರಿ.

ಆ ವಾರ ಏನೂ ಬಿಡಬೇಡ, ಬರಿ ಅಂದೆ. ಹಳೆ ಕ್ಯಾಲೆಂಡರ್ ಹಾಳೆ ಕತ್ತರಿಸಿ ಚೀಟಿ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡ. ಹಚ್ಚುವ ಮೊದಲು ಬರೆಯಬೇಕು, ಆಮೇಲೆ ಅಲ್ಲ. ಹೊತ್ತು, ಜಾಗ, ಜೊತೆಗೆ ಯಾರಿದ್ದರು. ಭಾನುವಾರ ಕೂತು ನೋಡಿದೆವು. ಏಳರಲ್ಲಿ ಐದು ಕಾಲೇಜಿನ ಹಿಂದಿನ ಗೇಟಿನ ಟೀ ಅಂಗಡಿಯಲ್ಲಿ, ಅದೇ ನಾಲ್ಕು ಹುಡುಗರ ಜೊತೆ. ಒಂದು ಲ್ಯಾಬ್ ಮುಗಿದ ಮೇಲೆ, ಒಂದು ರಾತ್ರಿ ನಮ್ಮ ಮನೆಯ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಹಿಂದೆ.

"ಮಾವ, ಐದು ಅವ್ರದ್ದು, ಎರಡು ಮಾತ್ರ ನಂದು" ಅಂದ.

ಎಲ್ಲರೂ ಸೇದುತ್ತಾರೆ ಅನ್ನೋದು ಇವನ ಇನ್ನೊಂದು ನಂಬಿಕೆ. ಕ್ಲಾಸಿನಲ್ಲಿ ಎಣಿಸಿಕೊಂಡು ಬಾ ಅಂದೆ. 60 ಜನರಲ್ಲಿ ಹನ್ನೊಂದು. ಅವನು ನಿಲ್ಲುವ ಜಾಗದಲ್ಲಿ ಅಷ್ಟೂ ಜನ ನಿಲ್ಲುತ್ತಾರೆ, ಅದಕ್ಕೇ ಎಲ್ಲರೂ ಅನಿಸೋದು.

ನಡುವೆ ನಾನೊಂದು ಎಡವಟ್ಟು ಮಾಡಿದೆ. 2025ರ ಮೇ 30ರಿಂದ ನಮ್ಮ ರಾಜ್ಯದಲ್ಲಿ ಹೊಸ ಕಾನೂನು ಬಂದಿದೆ. 21 ವರ್ಷ ತುಂಬದವರಿಗೆ ಸಿಗರೇಟು ಮಾರುವಂತಿಲ್ಲ, ಬಿಡಿಬಿಡಿಯಾಗಿ ಮಾರುವಂತಿಲ್ಲ, ಶಾಲೆ ಕಾಲೇಜಿನ ನೂರು ಮೀಟರ್ ಒಳಗೆ ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ಸಾವಿರ ರೂಪಾಯಿ ದಂಡ. ಈ ಅಂಗಡಿ ಒಂದೇ ಏಟಿಗೆ ಮೂರು ಕಾನೂನು ಮುರಿಯುತ್ತಿತ್ತು. ಒಂದು ಮಧ್ಯಾಹ್ನ ಹೋಗಿ ಅಂಗಡಿಯವನನ್ನು ಕೇಳಿದೆ. "ಸಾರ್, ನಾನ್ ಕೊಡ್ದಿದ್ರೆ ಆ ಕಡೆ ಅಂಗಡಿಯವ್ನು ಕೊಡ್ತಾನೆ, ಹುಡುಗ್ರು ಅಲ್ಲೇ ಟೀನೂ ಕುಡೀತಾರೆ. ನನ್ ಟೀ ಯಾರ್ ಕುಡೀತಾರೆ?" ಅಂದ. ದಾರಕ್ಕೆ ಕಟ್ಟಿದ ಲೈಟರು ಅವನ ತಲೆ ಪಕ್ಕ ತೂಗಾಡುತ್ತಿತ್ತು. ಸಂಜೆಯೊಳಗೆ ಸುದ್ದಿ ಹುಡುಗನಿಗೆ ಮುಟ್ಟಿತು. "ನನ್ ಮರ್ಯಾದೆ ತೆಗೆದ್ರಿ" ಅಂತ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅವನು ಹೇಳಿದ್ದು ಸರಿ. ಕಾನೂನು ಬೇಕು, ಖಂಡಿತ ಬೇಕು, ಆದರೆ ಅದನ್ನು ಜಾರಿ ಮಾಡುವ ಕೆಲಸ ಸೋದರಮಾವನದ್ದಲ್ಲ.

ಆದರೆ ಆ ದಿನ ಅಂಗಡಿಯಿಂದ ಒಂದು ಖಾಲಿ ಪ್ಯಾಕು ಇಸ್ಕೊಂಡು ಬಂದಿದ್ದೆ. ನೋಡಿ, ಬಿಡಿ ಸಿಗರೇಟು ತಗೊಳ್ಳುವವನ ಕೈಗೆ ಪ್ಯಾಕು ಬರೋದೇ ಇಲ್ಲ. ಪ್ಯಾಕಿನ ಶೇ. 85ರಷ್ಟು ಜಾಗದಲ್ಲಿ ಆ ಚಿತ್ರ, ಎಚ್ಚರಿಕೆ ಹಾಕಿರುವುದು ಯಾರಿಗೆ? ಜೊತೆಗೇ ಬಿಡಲು ಸಹಾಯ ಮಾಡುವ ಫೋನ್ ನಂಬರೂ ಇರುತ್ತದೆ, 1800-11-2356. 2018ರಿಂದ ಪ್ಯಾಕಿನ ಮೇಲೆ ಅಚ್ಚಾಗುತ್ತಿದೆ. ಎರಡು ವರ್ಷ ಸೇದಿದ ಹುಡುಗ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಪ್ಯಾಕನ್ನು ಅವನ ಮೇಜಿನ ಮೇಲಿಟ್ಟು ಸುಮ್ಮನಾದೆ.

ಮೂರು ದಿನ ಅದು ಅಲ್ಲೇ ಬಿದ್ದಿತ್ತು. ನಾಲ್ಕನೇ ದಿನ ಅವನೇ ಟೆರೇಸಿಗೆ ಹೋಗಿ ಫೋನ್ ಮಾಡಿದ. ದುಡ್ಡು ಹೋಗಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ದಕ್ಷಿಣದ ಭಾಷೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಂದ್ರ ಇದೆ. ಬೈತಾರೇನೋ ಅಂದುಕೊಂಡಿದ್ದನಂತೆ, ಬೈಯಲಿಲ್ಲ. ಯಾವಾಗ ಸೇದುತ್ತೀಯ, ಹಿಂದೆ ಯಾವಾಗಾದರೂ ಬಿಟ್ಟಿದ್ದೆಯಾ, ಯಾವ ದಿನದಿಂದ ಬಿಡುತ್ತೀಯ ಅಂತ ಕೇಳಿದರು. ದಿನ ಗೊತ್ತು ಮಾಡಿಕೋ, ನಾವೇ ಮತ್ತೆ ಫೋನ್ ಮಾಡುತ್ತೇವೆ ಅಂದರು. ಮಾಡಿದರೂ ಕೂಡ.

ದಿನ ಆರಿಸಿದ್ದು ಅವನೇ, ಮತ್ತೆ ನನಗೆ ಹೊಳೆಯದಿದ್ದದ್ದು ಅವನಿಗೆ ಹೊಳೆಯಿತು. ಶ್ರಾವಣ! "ಹೇಗೂ ನಮ್ಮನೇಲಿ ಶ್ರಾವಣದಲ್ಲಿ ನಾನ್‌ವೆಜ್ ತಿನ್ನಲ್ಲ ಮಾವ. ಅದರ ಜೊತೆ ಇದನ್ನೂ ಸೇರಿಸ್ತೀನಿ. ಯಾವನೂ ಯಾಕೆ ಅಂತ ಕೇಳಲ್ಲ." ಭೀಮನ ಅಮಾವಾಸ್ಯೆಯ ಮಾರನೇ ದಿನ, ಜುಲೈ 25ಕ್ಕೆ, ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ: ಶ್ರಾವಣ ಮುಗಿಯೋವರೆಗೂ ನಾನ್‌ವೆಜ್ ಇಲ್ಲ, ದಮ್ ಇಲ್ಲ. ಸ್ವಾಮಿಗಳು ಅಂತ ಒಂದಿಷ್ಟು ಗೇಲಿ ಮಾಡಿದರು. ಸಿಗರೇಟು ಮಾತ್ರ ಯಾರೂ ಚಾಚಲಿಲ್ಲ. ಅವರಲ್ಲೊಬ್ಬ ತಾನೂ ಬಿಡುತ್ತೇನೆ ಅಂತ ಸೇರಿಕೊಂಡು ನಾಲ್ಕು ದಿನ ಇದ್ದ.

ಮೊದಲ ದಿನ ಹಬ್ಬದ ಥರ ಇತ್ತು. ಎರಡನೇ ದಿನ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂತ ಅತ್ತೆಯ ಮೇಲೆ ಕೂಗಾಡಿದ. ಹಿಂದೆ ಯಾವತ್ತೂ ಅವಳಿಗೆ ಎದುರು ಮಾತಾಡಿದವನಲ್ಲ. ಅವಳು ನನ್ನ ಕಡೆ ನೋಡಿದಳು. ನಾನು ಉಪ್ಪಿನ ಡಬ್ಬಿ ಮುಂದಿಟ್ಟೆ. ಮೂರನೇ ದಿನ ಪುಸ್ತಕದ ಒಂದೇ ಪುಟ ಒಂದು ಗಂಟೆ ನೋಡಿದ, ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಹೊಟ್ಟೆ ಕಟ್ಟಿತು. ಹೊಟ್ಟೆ ಕಟ್ಟುತ್ತೆ ಅಂತ ಯಾರೂ ಮೊದಲೇ ಹೇಳಲ್ಲ, ಹುಡುಗರು ನಾಚಿಕೆಗೆ ಹೇಳಿಕೊಳ್ಳಲ್ಲ, ಒಂದು ಸಿಗರೇಟು ಸೇದಿದರೆ ಸರಿಹೋಗುತ್ತೆ ಅಂತ ಮತ್ತೆ ಅಲ್ಲಿಗೇ ಹೋಗುತ್ತಾರೆ. ಬಾಳೆಹಣ್ಣು, ನೀರು ಜಾಸ್ತಿ, ಸಂಜೆ ನಡಿಗೆ. ನಾಲ್ಕು ದಿನದಲ್ಲಿ ಸರಿಯಾಯಿತು.

ಕಾಫಿಯ ವಿಷಯ ನನಗೂ ಮೊದಲು ಗೊತ್ತಿರಲಿಲ್ಲ. ಸೇದುವವರ ಮೈ ಕೆಫೀನನ್ನು ಬೇಗ ಕರಗಿಸಿಬಿಡುತ್ತದಂತೆ. ಸೇದೋದು ನಿಲ್ಲಿಸಿದರೆ ಅದೇ ಲೋಟದ ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ಅದನ್ನೂ ಹುಡುಗ ಸಿಗರೇಟು ಬಿಟ್ಟಿದ್ದಕ್ಕೇ ಹೀಗೆ ಅಂದುಕೊಳ್ಳುತ್ತಾನೆ. ನಮ್ಮ ಮನೆಯ ಡಿಕಾಕ್ಷನ್ನು ಬೇರೆ ಟಾರಿನಷ್ಟು ಗಟ್ಟಿ. ಅರ್ಧ ಲೋಟಕ್ಕೆ ಇಳಿಸಿದೆವು, ಸಂಜೆಯದ್ದು ಬಂದ್. ರಾತ್ರಿ ನಿದ್ದೆ ಬಂತು.

ಲ್ಯಾಬ್ ಮುಗಿದ ಮೇಲಿನದ್ದು, ಟೆರೇಸಿನದ್ದು, ಇವೆರಡಕ್ಕೆ ಶ್ರಾವಣ ಕೆಲಸ ಮಾಡಲಿಲ್ಲ. ಅಲ್ಲಿ ನೋಡೋರು ಯಾರೂ ಇಲ್ಲವಲ್ಲ. ಡಾಕ್ಟರನ್ನು ಕೇಳಿ 2 ಮಿಲಿಗ್ರಾಂ ನಿಕೋಟಿನ್ ಗಮ್ ತಂದೆ. ಮೊದಲ ದಿನ ಬಬಲ್ ಗಮ್ ಅಗಿದ ಹಾಗೆ ಚಪಚಪ ಅಗಿದು ಗಂಟಲುರಿ, ಬಿಕ್ಕಳಿಕೆ ಬರಿಸಿಕೊಂಡ. ಅದನ್ನು ಹಾಗೆ ಅಗಿಯಬಾರದು. ನಾಲ್ಕಾರು ಸಲ ನಿಧಾನಕ್ಕೆ ಅಗಿದು, ಬಾಯಲ್ಲಿ ಚುರುಚುರು ಅಂದ ಕೂಡಲೇ ಕೆನ್ನೆ ಮತ್ತು ಒಸಡಿನ ಮಧ್ಯೆ ಇಟ್ಟುಬಿಡಬೇಕು. ಚುರುಚುರು ನಿಂತ ಮೇಲೆ ಮತ್ತೆ ಅಗಿಯೋದು. ಹೀಗೆ ಅರ್ಧ ಗಂಟೆ. ಕಾಫಿ ಕುಡಿದ ಕೂಡಲೇ ಹಾಕಿಕೊಂಡರೆ ಸರಿಯಾಗಿ ಹೀರಿಕೊಳ್ಳಲ್ಲ, ಕಾಲು ಗಂಟೆ ಬಿಡಬೇಕು. ಎಲೆ ಅಡಿಕೆ ಹಾಕೋ ನಮ್ಮಜ್ಜಿ ಇದ್ದಿದ್ದರೆ ಒಂದೇ ಸಲಕ್ಕೆ ಕಲಿಯುತ್ತಿದ್ದರು.

ಟೆರೇಸಿಗೆ ನಾನೂ ಹೋಗತೊಡಗಿದೆ. ಆಸೆ ಎದ್ದರೆ ಕೆಲವೇ ನಿಮಿಷ ಇರೋದು, ಅಷ್ಟು ಹೊತ್ತು ಏನಾದರೂ ಮಾತಾಡಿದರೆ ಇಳಿಯುತ್ತದೆ. ನಾನು ಸೇದುತ್ತಿದ್ದ ಕಾಲದ ಅವಮಾನಗಳನ್ನೆಲ್ಲ ಅವನಿಗೆ ಹೇಳಿದ್ದು ಆಗಲೇ. ಮದುವೆ ಮನೆಯಲ್ಲಿ ಧಾರೆ ಹೊತ್ತಿಗೆ ನಾನು ಛತ್ರದ ಹಿಂದೆ ನಿಂತಿದ್ದೆ, ಫೋಟೋದಲ್ಲಿ ಇಲ್ಲವೇ ಇಲ್ಲ. ಅದು ಅವರಮ್ಮನ ಮದುವೆ. ಅಕ್ಕ ಇವತ್ತಿಗೂ ಆಲ್ಬಮ್ ತೆಗೆದರೆ ಕೇಳುತ್ತಾಳೆ, ನೀನೆಲ್ಲೋ ಇದ್ದೆ ಅಂತ.

ಶ್ರಾವಣ ಮುಗಿಯುವ ವಾರ ನನಗೆ ಭಯ. ಮಾಲೆ ತೆಗೆಯುವ ದಿನ ಬಂತಲ್ಲ. "ಇನ್ನು ಏನಂತೀಯ ಅವರಿಗೆ?" ಅಂದೆ. "ಬಿಟ್ಟಿದ್ದೀನಿ ಅಂತೀನಿ." ಅದು ಬೇಡ ಅಂದೆ. ಬಿಟ್ಟಿದ್ದೀನಿ ಅಂದ್ರೆ ಎಷ್ಟು ದಿನ ಆಯ್ತು ಅಂತ ಕೇಳುತ್ತಾರೆ, ದಿನ ಹೇಳಿದರೆ ಪರವಾಗಿಲ್ವೇ, ಇದೊಂದು ಸೇದು, ಏನಾಗಲ್ಲ ಅನ್ನುತ್ತಾರೆ. ನನಗೆ ನೂರು ಸಲ ಹಾಗೇ ಆಗಿದೆ. "ನಾನು ಸೇದಲ್ಲ" ಅನ್ನು. ಅದಕ್ಕೆ ಮುಂದಿನ ಪ್ರಶ್ನೆ ಇರಲ್ಲ. ಅವನಿಗೆ ನಗು. ಎರಡು ವರ್ಷ ಅವರ ಜೊತೆಗೇ ಸೇದಿ ಈಗ ಸೇದಲ್ಲ ಅಂದ್ರೆ? ಅನ್ನು, ನಗಲಿ. ನಕ್ಕರು, ಒಂದು ವಾರ. ಆಮೇಲೆ ಟೀ ತರೋಕೆ ಅವನನ್ನೇ ಕಳಿಸುತ್ತಿದ್ದರು. ಕೈ ಖಾಲಿ ಇರೋನು ಅವನೊಬ್ಬನೇ ತಾನೆ.

ಟೀ ಅಂಗಡಿಗೆ ನಾವು ಇಷ್ಟೆಲ್ಲ ಕಾವಲು ಹಾಕಿದ್ದರೆ ಅದು ಹಿತ್ತಲ ಬಾಗಿಲಿಂದ ಬಂತು. ಗೌರಿ ಗಣೇಶನ ಹಬ್ಬಕ್ಕೆ ಊರಿಗೆ ಹೋದ. ಹಬ್ಬ ಅಂತ ಬ್ಯಾರನ್ ಕಾಯಲ್ಲ. ಸೊಪ್ಪು ತುಂಬಿ ಬೆಂಕಿ ಹಾಕಿದರೆ ಐದಾರು ದಿನ, ಹಗಲು ರಾತ್ರಿ ಶಾಖ ನೋಡಿಕೊಳ್ಳುತ್ತಲೇ ಇರಬೇಕು. ಸೌದೆ ಹೆಚ್ಚಾದರೂ ಕಷ್ಟ, ಕಮ್ಮಿಯಾದರೂ ಕಷ್ಟ. ಒಂದು ರಾತ್ರಿ ಕಣ್ಣು ಮುಚ್ಚಿದರೆ ವರ್ಷದ ಬಣ್ಣ ಹೋಗುತ್ತೆ, ಬಣ್ಣ ಹೋದರೆ ರೇಟು ಹೋಗುತ್ತೆ. ಅಪ್ಪನಿಗೆ ಸುಸ್ತು ಅಂತ ರಾತ್ರಿ ಇವನು ಕೂತ. ಜೊತೆಗೆ ಕೂಲಿಯವರಿಬ್ಬರು.

ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು.

"ಮಾವ, ಹೋಯ್ತು."

ಮೊದಲು ಬ್ಯಾರನ್ನಿಗೇ ಬೆಂಕಿ ಬಿತ್ತು ಅಂದುಕೊಂಡೆ. ಎದೆ ಧಸಕ್ಕೆಂದಿತು. ಆಮೇಲೆ ಅವನು ಅಳುತ್ತಿದ್ದಾನೆ ಅಂತ ತಿಳಿಯಿತು.

"ಎಷ್ಟು?"

"ಎರಡು. ಬೀಡಿ."

33 ದಿನ ಸೇದಿರಲಿಲ್ಲ. ಬಾಯಿಗೆ ಬಂದದ್ದು ಬೈಗುಳವೇ. 49ನೇ ದಿನ ನನ್ನನ್ನು ಯಾರಾದರೂ ಬೈದಿದ್ದರೆ ನಾನು ಏನು ಮಾಡುತ್ತಿದ್ದೆ? ಇನ್ನೊಂದು ಹಚ್ಚುತ್ತಿದ್ದೆ.

"ಬರ್ಕೊಂಡ್ಯಾ?" ಅಂದೆ.

"ಚೀಟಿ ಮೈಸೂರಲ್ಲಿದೆ."

"ಎಲ್ಲಾದ್ರೂ ಬರಿ. ಬರ್ದು ಮುಖ ತೊಳ್ಕೊಂಡು ಬೆಂಕಿ ನೋಡು. ನಾಳೆ ಬೆಳಿಗ್ಗೆ ಆ ನಂಬರಿಗೆ ನೀನೇ ಫೋನ್ ಮಾಡು."

ಮಾಡಿದನಂತೆ. ಒಂದು ಸಲ ಜಾರಿದರೆ ಮೊದಲಿಂದ ಎಣಿಸಬೇಕಾಗಿಲ್ಲ, ಎಲ್ಲಿ ಜಾರಿದೆ ನೋಡಿಕೋ ಅಂದರಂತೆ. ಅದನ್ನೇ ನಾನು ಹೇಳಿದ್ದರೆ ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಳ್ಳುತ್ತಿದ್ದ. ಸೆಪ್ಟೆಂಬರಿನಲ್ಲಿ ಇನ್ನೊಂದಾಯಿತು, ಗೆಳೆಯನ ಬರ್ತ್‌ಡೇ ದಿನ. ಅದೂ ಚೀಟಿಯಲ್ಲಿದೆ. ಆಮೇಲಿನ ಚೀಟಿ ಖಾಲಿ.

ದೀಪಾವಳಿಗೆ ನಾವೆಲ್ಲ ಊರಿಗೆ ಹೋದೆವು. ಊಟ ಆದ ಮೇಲೆ ಭಾವ ನನ್ನನ್ನೂ ಅಳಿಯನನ್ನೂ ಬ್ಯಾರನ್ ಹತ್ತಿರ ಕರೆದುಕೊಂಡು ಹೋದರು, ಈ ವರ್ಷದ ಲೆಕ್ಕ ತೋರಿಸೋಕೆ. ಭಾವನದ್ದು ಪುಸ್ತಕ ಗಿಸ್ತಕ ಇಲ್ಲ. ಬಾಗಿಲ ಪಕ್ಕದ ಸುಣ್ಣದ ಗೋಡೆಯ ಮೇಲೆ ಇದ್ದಿಲಲ್ಲಿ ತಾರೀಖು, ಎಷ್ಟು ಕಡ್ಡಿ ತುಂಬಿದ್ದು ಅಂತ ಸಾಲಾಗಿ ಬರೆದಿರುತ್ತಾರೆ. ಬೆರಳಿಟ್ಟು ಒಂದೊಂದೇ ಓದುತ್ತಾ ಬಂದವರು ಒಂದು ಕಡೆ ನಿಂತರು. ಸ್ವಲ್ಪ ಓರೆಯಾಗಿ, ಬೇರೆ ಕೈಬರಹದಲ್ಲಿ, 27-8, ಮುಂದೆ 2.

"ಇದ್ಯಾವನು ಬರೆದಿದ್ದು? ಎರಡು ಕಡ್ಡಿ ಬ್ಯಾರನ್ನಿಗೆ ಹಾಕ್ತಾರಾ ಯಾರಾದ್ರೂ?"

ನಾನು ಮೇಲೆ ಹೆಂಚು ನೋಡಿದೆ.

"ನಾನೇ ಕಣಪ್ಪ" ಅಂದ ಹುಡುಗ. "ಹಬ್ಬದ ರಾತ್ರಿ. ಸುಮ್ನೆ ಬರೆದಿದ್ದೆ."

"ಗೋಡೆ ಮೇಲೆ ಗೀಚೋ ವಯಸ್ಸೇನೋ ಇದು" ಅಂದು ಭಾವ ಮುಂದಿನ ತಾರೀಖಿಗೆ ಬೆರಳು ಇಟ್ಟರು.